ಹಮ್ಮಸ್ ತಟ್ಟೆಯಲ್ಲಿ ಎಷ್ಟು ದೇಶಗಳಿವೆ? ಬ್ಯಾಂಕಾಕಿನ ಪುಟ್ಟ ಇಸ್ರೇಲಿ ಹೋಟೆಲಿನಲ್ಲಿ ಒಂದು ರಾತ್ರಿ ಊಟ

ಇವತ್ತಿನ ಮಾತು ಊಟದ ಬಗ್ಗೆ. ಕೇಳ್ತಾ ಕೇಳ್ತಾ ಹೊಟ್ಟೆ ಹಸಿದ್ರೆ ನಾನು ಜವಾಬ್ದಾರಿ ಅಲ್ಲ, ಮೊದಲೇ ಹೇಳಿಬಿಡ್ತೀನಿ.

ಒಂದು ಪ್ರಶ್ನೆಯಿಂದ ಶುರು ಮಾಡೋಣ. ಗೋಕರ್ಣದ ಕುಡ್ಲೆ ಬೀಚ್ ಕಡೆ ಹೋಗಿದ್ದೀರಾ? ಅಥವಾ ಹಂಪಿಯಲ್ಲಿ ತುಂಗಭದ್ರೆ ದಾಟಿ ಆಚೆ ದಡಕ್ಕೆ, ವಿರೂಪಾಪುರ ಗಡ್ಡೆಗೆ, ಅಲ್ಲಿನ ಹೋಟೆಲುಗಳೆಲ್ಲ ಇದ್ದ ಕಾಲದಲ್ಲಿ ಹೋಗಿದ್ದಿರಾ? ಹೋಗಿದ್ರೆ ಮೆನು ಕಾರ್ಡ್ ನೆನಪಿರುತ್ತೆ. ಇಡ್ಲಿ ಸಿಗುತ್ತೋ ಇಲ್ಲವೋ, ಹಮ್ಮಸ್ ಸಿಗುತ್ತೆ. ಫಲಾಫೆಲ್, ಶಕ್‌ಶೂಕಾ, ಪೀಟಾ ಬ್ರೆಡ್. ಕೆಲವು ಕಡೆ ಬೋರ್ಡೇ ಹೀಬ್ರೂ ಲಿಪಿಯಲ್ಲಿ. ಗಂಗಾವತಿ ಕಡೆಯ ಹುಡುಗ ಬಾಣಲೆ ಮುಂದೆ ನಿಂತು ಶಕ್‌ಶೂಕಾ ಮಾಡ್ತಿರ್ತಾನೆ. ಗಡ್ಡೆಯ ಆ ಹೋಟೆಲುಗಳನ್ನ 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ಕೆಡವಿದರು. ಹಂಪಿ ವಿಶ್ವ ಪರಂಪರೆಯ ತಾಣ, ಅದರ ರಕ್ಷಿತ ಪ್ರದೇಶದಲ್ಲಿ ಆ ಕಟ್ಟಡಗಳು ಅಕ್ರಮ ಅನ್ನೋದು ಕಾರಣ. ಕಟ್ಟಡ ಹೋಯ್ತು. ಆದ್ರೆ ಆ ಮೆನು ಅಲ್ಲಿಗೆ ಬಂದಿದ್ದಾದ್ರೂ ಯಾಕೆ?

ಉತ್ತರ ಸಿಂಪಲ್. ಇಸ್ರೇಲಿನಲ್ಲಿ ಹೆಚ್ಚಿನ ಯಹೂದಿ ಹುಡುಗ ಹುಡುಗಿಯರು ಹದಿನೆಂಟು ವರ್ಷಕ್ಕೆ ಸೇನೆ ಸೇರಲೇಬೇಕು. ಹುಡುಗರಿಗೆ ಎರಡೂವರೆ ವರ್ಷಕ್ಕಿಂತ ಜಾಸ್ತಿ, ಹುಡುಗಿಯರಿಗೆ ಸುಮಾರು ಎರಡು ವರ್ಷ. ಅದು ಮುಗಿದ ಕೂಡಲೇ ಬಹಳ ಜನ ಬ್ಯಾಗ್ ಹೊತ್ತುಕೊಂಡು ತಿಂಗಳುಗಟ್ಟಲೆ ಊರು ಸುತ್ತೋಕೆ ಹೊರಡ್ತಾರೆ. ಅವರ ಭಾಷೇಲಿ ಅದಕ್ಕೆ 'ದೊಡ್ಡ ಪ್ರವಾಸ' ಅನ್ನೋ ಹೆಸರೇ ಇದೆ. ಒಂದು ದಾರಿ ದಕ್ಷಿಣ ಅಮೆರಿಕಕ್ಕೆ, ಇನ್ನೊಂದು ಏಷ್ಯಾಕ್ಕೆ. 1992ರಲ್ಲಿ ಭಾರತ, ಇಸ್ರೇಲ್ ನಡುವೆ ಪೂರ್ಣ ರಾಜತಾಂತ್ರಿಕ ಸಂಬಂಧ ಶುರುವಾದ ಮೇಲೆ ನಮ್ಮ ಕಡೆಗೂ ದಂಡು ಬಂತು. ಹಿಮಾಚಲದ ಕಸೋಲ್, ಗೋವಾ, ಗೋಕರ್ಣ, ಹಂಪಿ. ಆಚೆಗೆ ಕಠ್ಮಂಡುವಿನ ಥಮೇಲ್, ಪೋಖರಾ, ಬ್ಯಾಂಕಾಕ್. ಇವರು ಹೋದಲ್ಲೆಲ್ಲ ಇವರ ಊಟವೂ ಹಿಂದೆ ಹೋಯ್ತು. ಪ್ರವಾಸಿಗರು ಇದನ್ನ 'ಹಮ್ಮಸ್ ಟ್ರೇಲ್' ಅಂತ ತಮಾಷೆಗೆ ಕರೀತಾರೆ.

ನಾನು ಇವತ್ತು ಹೇಳ್ತಿರೋದು ಆ ದಾರಿಯ ಒಂದು ನಿಲ್ದಾಣದ ಬಗ್ಗೆ. ಬ್ಯಾಂಕಾಕಿನ ಒಂದು ಸಣ್ಣ ಇಸ್ರೇಲಿ ಹೋಟೆಲು. ಹೆಸರು ಹೇಳಲ್ಲ. ಅಲ್ಲಿ ಕೆಲಸ ಮಾಡೋರ ಮನೆ ಕಥೆಯೂ ಇದರಲ್ಲಿ ಬರುತ್ತೆ, ಅದಕ್ಕೆ.

ಅಕ್ಕಿ ಬೀದಿಯ ಹಿಂದೆ

ಬ್ಯಾಂಕಾಕ್ ಹಳೇ ಊರಿನಲ್ಲಿ ಖಾವೋ ಸಾನ್ ರೋಡ್ ಅಂತ ಒಂದು ಬೀದಿ ಇದೆ. ಹೆಸರಿನ ಅರ್ಥ 'ಅಕ್ಕಿ'. ಹಿಂದೆ ಅಲ್ಲಿ ಅಕ್ಕಿ ವ್ಯಾಪಾರ ನಡೀತಿತ್ತು. ಈಗ ಒಂದು ಕಾಳು ಅಕ್ಕಿ ಕಾಣಲ್ಲ. ಟೀ ಶರ್ಟು, ಟ್ಯಾಟೂ, ಹುರಿದ ಚೇಳು, ಕಿವಿ ಕಿತ್ತುಹೋಗೋ ಮ್ಯೂಸಿಕ್. ಅದರ ಪಕ್ಕಕ್ಕೆ ದೇವಸ್ಥಾನದ ಗೋಡೆ ಬಳಸಿಕೊಂಡು ಹೋಗೋ ಬೀದಿ ಸೋಯಿ ರಾಂಬುಟ್ರಿ. ಅಲ್ಲಿ ಸ್ವಲ್ಪ ಉಸಿರಾಡಬಹುದು, ಮರಗಳಿವೆ. ಆ ಸುತ್ತಮುತ್ತ ಹೀಬ್ರೂ ಬೋರ್ಡುಗಳು ಕಣ್ಣಿಗೆ ಬೀಳ್ತಾವೆ.

ನಾನು ಮತ್ತು ನನ್ನ ಗೆಳತಿ, ಇಬ್ಬರೇ ಹೋಗಿದ್ವಿ. ಇಬ್ಬರೂ ಸಸ್ಯಾಹಾರಿಗಳು. ಥಾಯ್ಲೆಂಡ್‌ನಲ್ಲಿ ಮೂರು ದಿನ ಕಳೆದ ಸಸ್ಯಾಹಾರಿಯ ಕಷ್ಟ ಗೊತ್ತಿರೋರಿಗೆ ಗೊತ್ತು. ತರಕಾರಿ ಪಲ್ಯ ಅಂತಾರೆ, ಅದರಲ್ಲೂ ಮೀನಿನ ಸಾಸ್. ಹಾಗಾಗಿ 'ಹಮ್ಮಸ್, ಫಲಾಫೆಲ್' ಅಂತ ಬೋರ್ಡ್ ಕಂಡಾಗ ನನಗೆ ಮನೆ ಕಂಡ ಹಾಗಾಯ್ತು.

ಆದ್ರೆ ಗೆಳತಿ ಬಾಗಿಲಲ್ಲೇ ನಿಂತಳು. "ನಾನು ಒಳಗೆ ಬರಲ್ಲ" ಅಂದಳು.

ಯಾಕೆ ಅಂತ ನಾನು ಕೇಳಬೇಕಾಗಿರಲಿಲ್ಲ. 2023ರ ಅಕ್ಟೋಬರ್ 7ರಂದು ಹಮಾಸ್ ದಾಳಿಯಲ್ಲಿ ಇಸ್ರೇಲಿನಲ್ಲಿ ಸುಮಾರು 1,200 ಜನ ಸತ್ತರು, 250ರಷ್ಟು ಜನರನ್ನ ಒತ್ತೆಯಾಳಾಗಿ ಹಿಡ್ಕೊಂಡು ಹೋದರು. ಆಮೇಲೆ ಇಸ್ರೇಲ್ ಸೇನೆಯ ಕಾರ್ಯಾಚರಣೆಯಲ್ಲಿ ಗಾಜಾದಲ್ಲಿ ಹತ್ತಾರು ಸಾವಿರ ಜನ ಸತ್ತರು, ಅದರಲ್ಲಿ ಎಷ್ಟೋ ಸಾವಿರ ಮಕ್ಕಳು. ನನ್ನ ಗೆಳತಿ ಆ ವಿಡಿಯೋಗಳನ್ನ ತಿಂಗಳುಗಟ್ಟಲೆ ಫೋನಲ್ಲಿ ನೋಡಿದವಳು. "ಗಾಜಾದಲ್ಲಿ ಹಿಟ್ಟಿಗೆ ಕ್ಯೂ ನಿಂತಿದ್ದಾರೆ. ಆ ದೇಶದ ಹೆಸರಿನ ಬೋರ್ಡ್ ಕೆಳಗೆ ಕೂತು ನಾನು ರೊಟ್ಟಿ ತಿನ್ನೋದು ಹೇಗೆ?" ಅಂದಳು. ನಾಟಕ ಅಲ್ಲ ಅದು. ನಿಜವಾಗಿ ಗಂಟಲಲ್ಲಿ ಇಳಿಯಲ್ಲ ಅನ್ನೋ ಮಾತು.

ನಾನು ಹೇಳಿದೆ, "ಹೋಟೆಲಿನವರು ಸರ್ಕಾರ ಅಲ್ಲ. ಒಳಗೆ ಅಡುಗೆ ಮಾಡ್ತಿರೋರು ಯಾರು ಅಂತಾನೂ ಗೊತ್ತಿಲ್ಲ. ಕೂತು ನೋಡೋಣ." ಅವಳು ಒಪ್ಪಲಿಲ್ಲ. ಕೊನೆಗೆ ಒಂದು ರಾಜಿ ಆಯ್ತು. ಬೀದಿ ಕಡೆಯ ಮೇಜಿನಲ್ಲಿ ಕೂರೋದು. ಅವಳು ಏನೂ ತಿನ್ನಲ್ಲ, ನಿಂಬೆ ಪಾನಕ ಮಾತ್ರ. ನಾನು ಊಟ ಮಾಡೋದು.

ತಟ್ಟೆಗೆ ಏನೇನು ಬಂತು

ಆರು ಮೇಜು. ಮೇಲೆ ಗೋಡೆ ಫ್ಯಾನು. ಮೆನು ಮೂರು ಭಾಷೆಯಲ್ಲಿ, ಹೀಬ್ರೂ, ಇಂಗ್ಲಿಷ್, ಥಾಯ್. ಪಕ್ಕದ ಮೇಜಲ್ಲಿ ನಾಲ್ಕು ಇಸ್ರೇಲಿ ಹುಡುಗರು, ಆಚೆ ಒಂದು ವಯಸ್ಸಾದ ಜರ್ಮನ್ ಜೋಡಿ. ಹಮ್ಮಸ್ ತಟ್ಟೆಗೆ 160 ಬಾತ್. ಆಗಿನ ಲೆಕ್ಕದಲ್ಲಿ ಒಂದು ಬಾತ್ ಅಂದ್ರೆ ನಮ್ಮ ಸುಮಾರು ಎರಡೂವರೆ ರೂಪಾಯಿ. ಅಂದ್ರೆ ನಾನೂರು ರೂಪಾಯಿ ಚಿಲ್ಲರೆ. ಬೀದಿಬದಿಯ ಥಾಯ್ ಊಟಕ್ಕೆ ಹೋಲಿಸಿದ್ರೆ ದುಬಾರಿ, ಬೆಂಗಳೂರಿನ ಇಂದಿರಾನಗರಕ್ಕೆ ಹೋಲಿಸಿದ್ರೆ ಪರವಾಗಿಲ್ಲ.

ಹಮ್ಮಸ್ ಅನ್ನೋದು ಅರಬ್ಬೀ ಪದ. ಅರ್ಥ ಬರೀ 'ಕಡಲೆ', ನಮ್ಮ ಕಾಬೂಲ್ ಕಡಲೆ. ಅದನ್ನ ರಾತ್ರಿ ನೆನೆಸಿ, ಬೆಣ್ಣೆ ಥರ ಬೇಯಿಸಿ, ಎಳ್ಳಿನ ಪೇಸ್ಟು, ನಿಂಬೆರಸ, ಬೆಳ್ಳುಳ್ಳಿ, ಉಪ್ಪು ಹಾಕಿ ರುಬ್ಬಿದ್ರೆ ಹಮ್ಮಸ್. ಎಳ್ಳಿನ ಪೇಸ್ಟಿಗೆ ತಹೀನಿ ಅಂತ ಹೆಸರು. ತಟ್ಟೆಯಲ್ಲಿ ಗುಂಡಗೆ ಹರಡಿ, ನಡುವೆ ಚಮಚದಲ್ಲಿ ಒಂದು ಗುಂಡಿ ಮಾಡಿ, ಅದರೊಳಗೆ ಆಲಿವ್ ಎಣ್ಣೆ. ರಾಗಿ ಮುದ್ದೆಗೆ ನಾವು ಗುಂಡಿ ಮಾಡಿ ತುಪ್ಪ ಹಾಕ್ತೀವಲ್ಲ, ಹಾಗೆ. ತಿನ್ನೋದು ಚಮಚದಲ್ಲಲ್ಲ. ಪೀಟಾ ಹರಿದು, ತಟ್ಟೆಯನ್ನ ಒರೆಸಿಕೊಂಡು ತಿನ್ನಬೇಕು. ಹೀಬ್ರೂ ಮಾತಾಡೋರು ಹಮ್ಮಸ್ ತಿನ್ನೋದಕ್ಕೆ 'ಒರೆಸೋದು' ಅನ್ನೋ ಕ್ರಿಯಾಪದವನ್ನೇ ಬಳಸ್ತಾರೆ. ಜೋಳದ ರೊಟ್ಟೀಲಿ ಎಣ್ಣೆಗಾಯಿ ಒರೆಸಿ ತಿಂದವರಿಗೆ ಇದನ್ನ ಕಲಿಸಿಕೊಡಬೇಕಾಗಿಲ್ಲ.

ಆಮೇಲೆ ಸಬೀಖ್ ಬಂತು. ನನಗೆ ಅತಿ ಇಷ್ಟ ಆಗಿದ್ದು ಇದು. ಪೀಟಾ ಒಳಗೆ ಕರಿದ ಬದನೆಕಾಯಿ, ಬೇಯಿಸಿದ ಮೊಟ್ಟೆ, ಸೌತೆಕಾಯಿ ಟೊಮೆಟೊ ಸಲಾಡು, ತಹೀನಿ. ಮೊಟ್ಟೆ ಬೇಡ ಅಂದೆ, ಬದನೆಕಾಯಿ ಜಾಸ್ತಿ ಹಾಕಿ ಕೊಟ್ಟರು. ಮೇಲಿಂದ ಒಂದು ಹಳದಿ ಸಾಸ್. ಬಾಯಿಗೆ ಹಾಕಿದ ತಕ್ಷಣ ಮೂಗು ಹೇಳ್ತು, ಇದು ಗೊತ್ತಿರೋ ವಾಸನೆ ಅಂತ. ಮೆಂತ್ಯ, ಅರಿಶಿನ, ಹುಳಿ ಮಾವಿನಕಾಯಿ. ಹೆಸರು ಕೇಳಿದೆ. "ಅಂಬಾ" ಅಂದರು.

ಅಂಬಾ! ಮರಾಠಿಯಲ್ಲಿ ಮಾವಿಗೆ ಆಂಬಾ. ನಮ್ಮ ಕರಾವಳಿಯ ಕೊಂಕಣಿಯಲ್ಲಿ ಆಂಬೊ. ಇದು ಇಸ್ರೇಲಿಗೆ ಹೇಗೆ ಹೋಯ್ತು? ಬಾಗ್ದಾದಿನ ಯಹೂದಿ ವ್ಯಾಪಾರಿಗಳು ಹತ್ತೊಂಬತ್ತನೇ ಶತಮಾನದಲ್ಲಿ ಮುಂಬೈಗೆ ಬಂದು ನೆಲೆಸಿದರು. ಅವರಲ್ಲಿ ದೊಡ್ಡ ಹೆಸರು ಸಸೂನ್ ಕುಟುಂಬ, ಮುಂಬೈಯ ಸಸೂನ್ ಡಾಕ್ ಇವತ್ತಿಗೂ ಮೀನು ಮಾರುಕಟ್ಟೆಯಾಗಿ ಇದೆ. ಆ ವ್ಯಾಪಾರದ ದಾರಿಯಲ್ಲೇ ಮಾವಿನ ಉಪ್ಪಿನಕಾಯಿ ಇರಾಕಿಗೆ ಹೋಯ್ತು, ಇರಾಕಿಗಳಿಗೆಲ್ಲ ರುಚಿ ಹತ್ತಿತು. 1950-51ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಯಹೂದಿಗಳು ಇರಾಕ್ ಬಿಟ್ಟು ಇಸ್ರೇಲಿಗೆ ಹೋದಾಗ ಅಂಬಾ ಕೂಡ ಅವರ ಜೊತೆ ಹೋಯ್ತು. ಅಲ್ಲಿಂದ ಬ್ಯಾಂಕಾಕಿಗೆ. ಅಂದ್ರೆ ನಾನು ಬೆಂಗಳೂರಿಂದ ನಾಲ್ಕು ಗಂಟೆ ವಿಮಾನದಲ್ಲಿ ಕೂತು ಹೋಗಿ ತಿಂದಿದ್ದು ನಮ್ಮದೇ ಉಪ್ಪಿನಕಾಯಿಯ ಮೊಮ್ಮಗಳನ್ನ!

ಸಬೀಖ್‌ನಲ್ಲಿ ಮೊಟ್ಟೆ, ಬದನೆಕಾಯಿ ಯಾಕೆ ಅನ್ನೋದಕ್ಕೂ ಒಂದು ಕಾರಣ ಇದೆ. ಯಹೂದಿ ಧರ್ಮದಲ್ಲಿ ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ಕತ್ತಲಾಗೋ ತನಕ ವಿಶ್ರಾಂತಿಯ ದಿನ, ಶಬ್ಬತ್. ಬೆಂಕಿ ಹಚ್ಚೋ ಹಾಗಿಲ್ಲ. ಹಾಗಾಗಿ ಶುಕ್ರವಾರವೇ ಬದನೆಕಾಯಿ ಕರಿದಿಟ್ಟು, ಮೊಟ್ಟೆಯನ್ನ ಮೊದಲೇ ಹಚ್ಚಿದ ಸಣ್ಣ ಉರಿಯಲ್ಲಿ ರಾತ್ರಿಯಿಡೀ ಬಿಟ್ಟು, ಶನಿವಾರ ಬೆಳಿಗ್ಗೆ ತಿನ್ನೋದು. ಇರಾಕಿ ಯಹೂದಿಗಳ ಮನೆ ತಿಂಡಿ ಅದು. ಇಸ್ರೇಲಿನಲ್ಲಿ ಪೀಟಾ ಒಳಗೆ ಸೇರಿ ಬೀದಿ ತಿಂಡಿ ಆಯ್ತು.

ಕೊನೆಗೆ ಒಂದು ಪುಟ್ಟ ಬಟ್ಟಲಲ್ಲಿ ಹಸಿರು ಚಟ್ನಿ. ಹಸಿಮೆಣಸಿನಕಾಯಿ, ಕೊತ್ತಂಬರಿ, ಬೆಳ್ಳುಳ್ಳಿ, ಜೀರಿಗೆ. ಹೆಸರು ಸ್ಖುಗ್. ಇದು ಯೆಮೆನ್ ದೇಶದ್ದು. 1949-50ರಲ್ಲಿ ಯೆಮೆನಿನಿಂದ ಸುಮಾರು ಐವತ್ತು ಸಾವಿರ ಯಹೂದಿಗಳನ್ನ ವಿಮಾನಗಳಲ್ಲಿ ಇಸ್ರೇಲಿಗೆ ಕರೆತಂದರು, ಅವರ ಜೊತೆ ಬಂದ ಖಾರ. ಶಕ್‌ಶೂಕಾ, ಅಂದ್ರೆ ಟೊಮೆಟೊ ಗೊಜ್ಜಿನಲ್ಲಿ ಒಡೆದು ಬೇಯಿಸೋ ಮೊಟ್ಟೆ, ಉತ್ತರ ಆಫ್ರಿಕಾದ ಟ್ಯುನೀಶಿಯಾ ಕಡೆಯದ್ದು. ಫಲಾಫೆಲ್ಲಿನ ತವರು ಈಜಿಪ್ಟ್ ಅಂತ ಬಹಳ ಜನ ಹೇಳ್ತಾರೆ, ಅಲ್ಲಿ ಅದನ್ನ ಕಡಲೆಯ ಬದಲು ಒಂದು ಜಾತಿಯ ಅವರೆಯಲ್ಲಿ ಮಾಡ್ತಾರೆ. ನಮ್ಮ ಮಸಾಲೆ ವಡೆಯ ದೂರದ ನೆಂಟ ಅನ್ನಬಹುದು.

ಹಾಗಾದ್ರೆ ಇದು ಯಾರ ಊಟ?

ಈಗ ಜಗಳಕ್ಕೆ ಬರೋಣ. ಹಮ್ಮಸ್ ಯಾರದ್ದು ಅಂತ ಲೆಬನಾನ್ ಮತ್ತು ಇಸ್ರೇಲ್ ನಡುವೆ ನಿಜವಾಗಿ ಪೈಪೋಟಿ ನಡೆದಿದೆ. 2010ರ ಜನವರಿಯಲ್ಲಿ ಜೆರುಸಲೇಮ್ ಹತ್ತಿರದ ಅಬು ಘೋಷ್ ಅನ್ನೋ ಊರಲ್ಲಿ ನಾಲ್ಕು ಸಾವಿರ ಕೆಜಿಗೂ ಹೆಚ್ಚು ಹಮ್ಮಸ್ ಮಾಡಿ ಗಿನ್ನೆಸ್ ದಾಖಲೆ ಮಾಡಿದರು. ಅಷ್ಟು ದೊಡ್ಡ ತಟ್ಟೆ ಎಲ್ಲಿ ಸಿಗಬೇಕು? ಒಂದು ಸ್ಯಾಟಲೈಟ್ ಡಿಶ್ ತಂದು ಅದರಲ್ಲೇ ಸುರಿದರು! ಅದೇ ವರ್ಷ ಮೇ ತಿಂಗಳಲ್ಲಿ ಲೆಬನಾನ್ ತಿರುಗೇಟು ಕೊಟ್ಟಿತು, 10,452 ಕೆಜಿ. ಆ ಸಂಖ್ಯೆ ಯಾಕೆ ಅಂದ್ರೆ ಲೆಬನಾನಿನ ವಿಸ್ತೀರ್ಣ 10,452 ಚದರ ಕಿಲೋಮೀಟರ್. ಇಲ್ಲಿ ಒಂದು ವಿಷಯ ಗಮನಿಸಿ. ಅಬು ಘೋಷ್ ಇಸ್ರೇಲ್ ಒಳಗಿದ್ರೂ ಅರಬ್ಬರ ಊರು. ಅಂದ್ರೆ ಇಸ್ರೇಲಿನ ದಾಖಲೆ ಮಾಡಿದವರೂ ಅರಬ್ಬರೇ.

ಕೇಳೋಕೆ ತಮಾಷೆ ಅನ್ಸುತ್ತೆ. ನಮ್ಮಲ್ಲೂ ಮೈಸೂರ್ ಪಾಕ್ ನಮ್ಮದಾ ತಮಿಳುನಾಡಿನದ್ದಾ ಅಂತ ಟ್ವಿಟ್ಟರ್‌ನಲ್ಲಿ ಯುದ್ಧ ಆಗುತ್ತೆ. ರಸಗುಲ್ಲಾಕ್ಕೆ ಬಂಗಾಳ, ಒಡಿಶಾ ಎರಡೂ ಬೇರೆ ಬೇರೆ ಜಿಐ ಟ್ಯಾಗ್ ತಗೊಂಡಿವೆ. ಆದ್ರೆ ನಮ್ಮ ಜಗಳದಲ್ಲಿ ಯಾರೂ ಮನೆ ಕಳ್ಕೊಳ್ಳಲ್ಲ. ಅಲ್ಲಿ ಹಾಗಲ್ಲ. 1948ರ ಯುದ್ಧದ ಹೊತ್ತಿಗೆ ಸುಮಾರು ಏಳು ಲಕ್ಷ ಪ್ಯಾಲೆಸ್ಟೀನಿಯರು ಊರು ಬಿಡಬೇಕಾಯ್ತು, ಎಷ್ಟೋ ಜನರನ್ನ ಓಡಿಸಿದರು. ಅವರ ಅಡುಗೆಯ ಹೆಸರಿನ ಹಿಂದೆ 'ಇಸ್ರೇಲಿ' ಅಂತ ಸೇರಿಸಿ ಮಾರಿದಾಗ, ಜಮೀನೂ ಹೋಯ್ತು, ಈಗ ತಟ್ಟೆಯೂ ಹೋಯ್ತು ಅಂತ ಅವರಿಗೆ ಅನ್ನಿಸುತ್ತೆ. ಅದು ಸುಮ್ಮನೆ ಹುಸಿ ಮುನಿಸು ಅಲ್ಲ.

ಇನ್ನೊಂದು ಕಡೆಯನ್ನೂ ನೋಡಬೇಕು. ಇರಾಕ್, ಯೆಮೆನ್, ಮೊರಾಕ್ಕೊ, ಈಜಿಪ್ಟ್, ಸಿರಿಯಾಗಳಲ್ಲಿ ಯಹೂದಿಗಳು ನೂರಾರು, ಕೆಲವು ಕಡೆ ಸಾವಿರಾರು ವರ್ಷದಿಂದ ಇದ್ದವರು. 1948ರ ನಂತರದ ಎರಡು ಮೂರು ದಶಕದಲ್ಲಿ ಅರಬ್ ದೇಶಗಳಿಂದ ಎಂಟು ಲಕ್ಷದ ಹತ್ತಿರ ಯಹೂದಿಗಳು ಹೊರಬಿದ್ದರು, ಭಯಕ್ಕೆ ಕೆಲವರು, ಒತ್ತಾಯಕ್ಕೆ ಕೆಲವರು, ಹೊಸ ದೇಶದ ಆಸೆಗೆ ಕೆಲವರು. ಹೆಚ್ಚಿನವರು ಇಸ್ರೇಲಿಗೆ ಹೋದರು. ಅವರಿಗೆ ಅಂಬಾ, ಸ್ಖುಗ್, ಶಕ್‌ಶೂಕಾ ಕದ್ದ ಊಟ ಅಲ್ಲ, ಅಜ್ಜಿಯ ಊಟ. ಎರಡೂ ಮಾತು ನಿಜ. ಒಂದು ನಿಜ ಹೇಳಿದ ಮಾತ್ರಕ್ಕೆ ಇನ್ನೊಂದು ಸುಳ್ಳಾಗಲ್ಲ.

ನಾನು ಇದನ್ನೆಲ್ಲ ಗೆಳತಿಗೆ ಹೇಳ್ತಿದ್ದೆ. ಅವಳು ಪಾನಕದ ಗ್ಲಾಸ್ ತಿರುಗಿಸ್ತಾ ಕೇಳಿ, "ಸರಿ, ಇತಿಹಾಸ ಒಪ್ತೀನಿ. ಹಸಿವಿನ ವಿಷಯ ಇವತ್ತಿಂದು" ಅಂದಳು. ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ.

ಅಡುಗೆಮನೆಯಿಂದ ಬಂದವರು

ಅಷ್ಟರಲ್ಲಿ ಅಡುಗೆಮನೆಯಿಂದ ಒಬ್ಬ ಮಹಿಳೆ ಹೊರಗೆ ಬಂದರು. ನಲವತ್ತೈದು ಐವತ್ತು ವಯಸ್ಸು ಇರಬಹುದು. ಗೆಳತಿ ಏನೂ ತಿಂದಿಲ್ಲ ಅಂತ ನೋಡಿ, ಹುಷಾರಿಲ್ವಾ ಅಂತ ಕೇಳೋಕೆ ಬಂದಿದ್ದು. ಹೋಟೆಲಿನ ಮಾಲೀಕರು ಇಸ್ರೇಲಿ, ಆದ್ರೆ ಅವರು ಆ ದಿನ ಇರಲಿಲ್ಲ. ಅಡುಗೆ ಪೂರ್ತಿ ಇವರದ್ದೇ. ಇವರು ಥಾಯ್ಲೆಂಡಿನ ಈಶಾನ್ಯ ಭಾಗದವರು. ಆ ಪ್ರದೇಶಕ್ಕೆ ಇಸಾನ್ ಅಂತಾರೆ. ಮಳೆ ನಂಬಿದ ಭತ್ತ, ಸಾಲ, ಕೆಲಸಕ್ಕೆ ಬ್ಯಾಂಕಾಕಿಗೆ ವಲಸೆ. ನಮ್ಮ ರಾಯಚೂರು, ಯಾದಗಿರಿ ಕಡೆಯವರು ಬೆಂಗಳೂರಿಗೆ ಬರ್ತಾರಲ್ಲ, ಹಾಗೆ.

ಅವರ ಇಂಗ್ಲಿಷ್ ಸ್ವಲ್ಪ, ನಮ್ಮ ಥಾಯ್ ಸೊನ್ನೆ. ಮಧ್ಯೆ ಫೋನಿನ ಟ್ರಾನ್ಸ್‌ಲೇಟ್ ಆ್ಯಪ್. ಹದಿನೈದು ವರ್ಷದಿಂದ ಇಲ್ಲೇ ಅಡುಗೆ ಅಂತೆ. ಮೊದಲ ಸಲ ತಹೀನಿ ನಾಲಿಗೆಗೆ ಹಚ್ಚಿಕೊಂಡಾಗ ಗೋಡೆಗೆ ಬಳಿಯೋ ಅಂಟು ಅನ್ಕೊಂಡರಂತೆ. ಈಗ ಕಡಲೆ ಬೆಂದಿದೆಯಾ ಅಂತ ವಾಸನೆಯಲ್ಲೇ ಗೊತ್ತಾಗುತ್ತೆ. ಮನೆಗೆ ಹೋದ ಮೇಲೆ ಮಾತ್ರ ಅಂಟಕ್ಕಿ ಅನ್ನ ಮತ್ತು ಪಪ್ಪಾಯಿ ಸಲಾಡ್.

ಗೆಳತಿ ನೇರವಾಗಿ ಟೈಪ್ ಮಾಡಿದಳು. "ಯುದ್ಧದ ಬಗ್ಗೆ ಬೇಜಾರಾಗಿದೆ. ಅದಕ್ಕೆ ತಿನ್ನಲಿಲ್ಲ. ನಿಮ್ಮ ಅಡುಗೆ ಬಗ್ಗೆ ಅಲ್ಲ."

ಅವರು ಸ್ಕ್ರೀನ್ ಓದಿದರು. ಎರಡನೇ ಸಲ ಓದಿದರು. ಆಮೇಲೆ ಕುರ್ಚಿ ಎಳೆದು ಕೂತು ಹೇಳಿದರು. ಅವರ ತಮ್ಮ ಇಸ್ರೇಲಿನ ದಕ್ಷಿಣ ಭಾಗದ ಒಂದು ತೋಟದಲ್ಲಿ ಕೂಲಿ. ಟೊಮೆಟೊ ಕೀಳೋ ಕೆಲಸ.

ಇದು ನಮಗೆ ಹೆಚ್ಚು ಗೊತ್ತಿಲ್ಲದ ಕಥೆ. 2023ರ ಅಕ್ಟೋಬರ್‌ಗೆ ಮುಂಚೆ ಇಸ್ರೇಲಿನಲ್ಲಿ ಸುಮಾರು ಮೂವತ್ತು ಸಾವಿರ ಥಾಯ್ ಕಾರ್ಮಿಕರಿದ್ದರು. ಹೆಚ್ಚಿನವರು ಹೊಲ, ತೋಟಗಳಲ್ಲಿ, ಬಹಳಷ್ಟು ಜನ ಇಸಾನ್‌ನವರು. ಗಾಜಾ ಗಡಿ ಪಕ್ಕದ ತೋಟಗಳಲ್ಲೂ ಅವರೇ. ಅಕ್ಟೋಬರ್ 7ರ ದಾಳಿಯಲ್ಲಿ ಹತ್ತಾರು ಥಾಯ್ ಕಾರ್ಮಿಕರು ಸತ್ತರು, ಮೂವತ್ತಕ್ಕೂ ಹೆಚ್ಚು ಜನ ಒತ್ತೆಯಾಳಾದರು. ಆ ವರ್ಷ ನವೆಂಬರ್‌ನ ಕದನವಿರಾಮದಲ್ಲಿ 23 ಜನ ಬಿಡುಗಡೆಯಾದರು, 2025ರ ಜನವರಿ ಕೊನೆಗೆ ಇನ್ನೂ ಐವರು. ಅವರಿಗೂ ಆ ಜಗಳಕ್ಕೂ ಏನು ಸಂಬಂಧ? ಸಂಬಳ, ಅಷ್ಟೇ.

ಈ ಅಕ್ಕನ ತಮ್ಮ ಬಚಾವಾದ. ದಾಳಿ ಆದಾಗ ಬೇರೆ ಊರಿನ ತೋಟದಲ್ಲಿದ್ದ. ಥಾಯ್ ಸರ್ಕಾರ ಸಾವಿರಾರು ಜನರನ್ನ ವಿಮಾನದಲ್ಲಿ ವಾಪಸ್ ಕರೆತಂದಾಗ ಅವನೂ ಬಂದ. ಊರಿಗೆ ಬಂದು ಆರೇಳು ತಿಂಗಳು ಕೂತ. ಹೋಗೋಕೆ ಮಾಡಿದ ಸಾಲ ಹಾಗೇ ಇತ್ತು. ಮತ್ತೆ ಅದೇ ದೇಶಕ್ಕೆ ಹೋದ. ಈಗಲೂ ಅಲ್ಲೇ ಇದ್ದಾನೆ. ಅಮ್ಮನಿಗೆ ಮಾತ್ರ ಬ್ಯಾಂಕಾಕಿನಲ್ಲಿ ಕೆಲಸ ಅಂತ ಹೇಳಿದ್ದಾರೆ. ಅದಕ್ಕೇ ಊರಿಗೆ ವಿಡಿಯೋ ಕಾಲ್ ಮಾಡುವಾಗ ಅವನು ಗೋಡೆಗೆ ಬೆನ್ನು ಕೊಟ್ಟು ಕೂರ್ತಾನಂತೆ, ಹಿಂದೆ ತೋಟ ಕಾಣಬಾರದು ಅಂತ.

"ಅವನು ಅಲ್ಲಿ ಟೊಮೆಟೊ ಕೀಳ್ತಾನೆ. ನಾನು ಇಲ್ಲಿ ಟೊಮೆಟೊ ಬೇಯಿಸ್ತೀನಿ" ಅಂದರು. ಹೇಳಿ ನಕ್ಕರು. ನಾವು ನಗಲಿಲ್ಲ.

ಗೆಳತಿ ಮಂಗಳೂರಿನವಳು. ಅವಳ ಬೀದಿಯಲ್ಲೇ ಒಬ್ಬರು ಇಸ್ರೇಲಿನಲ್ಲಿ ವಯಸ್ಸಾದವರನ್ನ ನೋಡಿಕೊಳ್ಳೋ ಕೆಲಸದಲ್ಲಿದ್ದಾರೆ. ದಕ್ಷಿಣ ಕನ್ನಡ, ಉಡುಪಿ ಕಡೆಯಿಂದ, ಕೇರಳದಿಂದ ಈ ಆರೈಕೆ ಕೆಲಸಕ್ಕೆ ಹೋದವರು ಬಹಳ ಜನ. ಯುದ್ಧ ಶುರುವಾದ ಮೇಲೆ ಪ್ಯಾಲೆಸ್ಟೀನಿ ಕೂಲಿಗಳ ಪರ್ಮಿಟ್ ನಿಂತು, ಕಟ್ಟಡ ಕೆಲಸಕ್ಕೆ ಹರಿಯಾಣ, ಉತ್ತರ ಪ್ರದೇಶ, ತೆಲಂಗಾಣದಿಂದಲೂ ಜನ ಹೋದರು. ಇದನ್ನ ಗೆಳತಿ ಟೈಪ್ ಮಾಡಿ ತೋರಿಸಿದಳು. "ನಮ್ಮ ಊರಿನವರೂ ಅಲ್ಲಿದ್ದಾರೆ." ಅಕ್ಕ ಓದಿ, ಗೆಳತಿಯ ಕೈ ಮೇಲೆ ಒಂದು ಸಲ ತಟ್ಟಿದರು. ಪಕ್ಕದ ಮೇಜಿನ ಹುಡುಗರು ಇನ್ನೊಂದು ಪ್ಲೇಟ್ ಪೀಟಾ ಕೇಳಿದರು. ಎದ್ದು ಹೋದರು.

ಗೆಳತಿ ಆಮೇಲೆ ಊಟ ಮಾಡಿದಳಾ? ಇಲ್ಲ. ಅವಳ ನಿರ್ಧಾರ ಬದಲಾಗಲಿಲ್ಲ, ಬದಲಾಗಬೇಕು ಅಂತ ನಾನೂ ಹೇಳಲಿಲ್ಲ. ಬಿಲ್ ಕೊಟ್ಟು ಹೊರಡುವಾಗ ಅಡುಗೆಮನೆ ಬಾಗಿಲ ತನಕ ಹೋಗಿ ಅಕ್ಕನ ಕೈಗೆ ಟಿಪ್ಸ್ ಕೊಟ್ಟು ಬಂದಳು, ಪೆಟ್ಟಿಗೆಗೆ ಹಾಕಲಿಲ್ಲ. ರಾತ್ರಿ ಸೆವೆನ್ ಇಲೆವೆನ್‌ನಲ್ಲಿ ಬಾಳೆಹಣ್ಣು, ಬ್ರೆಡ್ ತಗೊಂಡು ತಿಂದಳು.

ಇದರಿಂದ ನನಗೆ ಏನು ಅನ್ನಿಸ್ತು ಅಂತ ಹೇಳ್ತೀನಿ. ಒಂದು ಹೋಟೆಲಿಗೆ ಹೋಗಬೇಕಾ ಬೇಡವಾ ಅನ್ನೋದು ನಿಮ್ಮ ಮನಸ್ಸಿಗೆ ಬಿಟ್ಟಿದ್ದು. ಬಹಿಷ್ಕಾರವೂ ಒಂದು ಮರ್ಯಾದಸ್ಥ ದಾರಿಯೇ, ಗಾಂಧಿ ಹುಟ್ಟಿದ ನಾಡಿನವರಿಗೆ ಅದನ್ನ ಯಾರೂ ಹೇಳಿಕೊಡಬೇಕಿಲ್ಲ. ಆದ್ರೆ ಬೋರ್ಡ್ ನೋಡಿ ಒಳಗಿರೋರ ಮುಖ ಊಹಿಸ್ಕೋಬೇಡಿ. ಆ ಬೋರ್ಡಿನ ಹಿಂದೆ ಒಬ್ಬ ಸೈನಿಕ ಇರಬಹುದು, ಯುದ್ಧ ಬೇಡ ಅಂತ ದೇಶ ಬಿಟ್ಟು ಬಂದವನೂ ಇರಬಹುದು, ಅಥವಾ ಆ ದೇಶವನ್ನ ನೋಡೇ ಇಲ್ಲದ ಇಸಾನಿನ ಅಕ್ಕ ಇರಬಹುದು. ತಿನ್ನೋದು ಬಿಡೋದು ಆಮೇಲೆ, ಮೊದಲು ಮಾತಾಡಿಸಿ.

ಹೋಗೋರಿಗೆ ಒಂದಿಷ್ಟು ಟಿಪ್ಸ್

ಈಗ ಕೆಲಸಕ್ಕೆ ಬರೋ ಮಾತು. ವಿದೇಶದಲ್ಲಿ ಇಸ್ರೇಲಿ, ಲೆಬನಾನಿ, ಪ್ಯಾಲೆಸ್ಟೀನಿ, ಯಾವುದೇ ಈ ಕಡೆಯ ಹೋಟೆಲ್ ಸಿಕ್ಕರೂ ಸಸ್ಯಾಹಾರಿಗಳಿಗೆ ಅನುಕೂಲ ಜಾಸ್ತಿ. ಹಮ್ಮಸ್, ಫಲಾಫೆಲ್, ತಹೀನಿ, ಪೀಟಾ, ಸುಟ್ಟ ಬದನೆಕಾಯಿಯ ಗೊಜ್ಜು ಸಾಮಾನ್ಯವಾಗಿ ಶುದ್ಧ ಸಸ್ಯಾಹಾರ, ಹಾಲೂ ಇರಲ್ಲ. ಆದ್ರೆ ಹಮ್ಮಸ್ ಮೇಲೆ ಮಾಂಸದ ಕೀಮಾ ಹಾಕೋ ಪದ್ಧತಿಯೂ ಇದೆ, ಆರ್ಡರ್ ಮಾಡುವಾಗಲೇ ಕೇಳಿ. ಸಬೀಖ್, ಶಕ್‌ಶೂಕಾದಲ್ಲಿ ಮೊಟ್ಟೆ ಇರುತ್ತೆ. ಶ್ನಿಟ್ಸೆಲ್ ಅಂದ್ರೆ ಕೋಳಿ. ಸೂಪಿಗೆ ಮಾಂಸದ ನೀರು ಹಾಕಿರಬಹುದು.

ಕೋಷರ್ ಅಂತ ಬೋರ್ಡ್ ಇದ್ರೆ ಅಲ್ಲಿ ಯಹೂದಿ ಧರ್ಮದ ಆಹಾರ ನಿಯಮ ಪಾಲಿಸ್ತಾರೆ. ಹಂದಿ, ಸಿಗಡಿ ಇರಲ್ಲ. ಹಾಲು ಮತ್ತು ಮಾಂಸ ಒಂದೇ ಊಟದಲ್ಲಿ ಸೇರಲ್ಲ, ಪಾತ್ರೆಗಳೂ ಬೇರೆ ಬೇರೆ. ಹಾಲಿನ ಅಡುಗೆ ಮಾತ್ರ ಮಾಡೋ ಕೋಷರ್ ಹೋಟೆಲ್ ಸಿಕ್ಕರೆ ಅಲ್ಲಿ ಕೋಳಿ, ಕುರಿ ಯಾವುದೂ ಬೇಯಲ್ಲ, ಮೀನು ಮಾತ್ರ ಇರಬಹುದು. ಮಡಿ ಅಜ್ಜಿ ಇರೋ ಮನೆಯವರಿಗೆ ಇದೆಲ್ಲ ಹೊಸದಲ್ಲ. ಎಲ್ಲ ಇಸ್ರೇಲಿ ಹೋಟೆಲೂ ಕೋಷರ್ ಅಲ್ಲ, ಅದನ್ನೂ ನೆನಪಿಡಿ. ಕೋಷರ್ ಆಗಿದ್ರೆ ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿ ತನಕ ಬಾಗಿಲು ಹಾಕಿರುತ್ತೆ.

ಎಳ್ಳಿನ ಅಲರ್ಜಿ ಇರೋರು ಹುಷಾರು. ಈ ಅಡುಗೆಯಲ್ಲಿ ಎಳ್ಳು ಇಲ್ಲದ ತಟ್ಟೆ ಹುಡುಕೋದೇ ಕಷ್ಟ. ಥಾಯ್ಲೆಂಡ್‌ನಲ್ಲಿ ಎಲ್ಲೇ ಊಟ ಮಾಡಿದ್ರೂ 'ಜೇ' ಅನ್ನೋ ಪದ ಕಲ್ತಿರಿ. ಮೀನಿನ ಸಾಸ್, ಮೊಟ್ಟೆ, ಹಾಲು ಯಾವುದೂ ಬೇಡ ಅನ್ನೋದಕ್ಕೆ ಅದೊಂದೇ ಪದ ಸಾಕು. ಬೆಳ್ಳುಳ್ಳಿ ಈರುಳ್ಳಿಯೂ ಅದರಲ್ಲಿ ಇರಲ್ಲ.

ಮನೇಲೇ ಮಾಡೋ ಆಸೆ ಇದ್ರೆ ಖರ್ಚು ಏನೂ ಇಲ್ಲ. ಒಂದು ಲೋಟ ಕಾಬೂಲ್ ಕಡಲೆ ರಾತ್ರಿ ನೆನೆಸಿ. ಬೆಳಿಗ್ಗೆ ಚಿಟಿಕೆ ಅಡುಗೆ ಸೋಡಾ ಹಾಕಿ ಕುಕ್ಕರಿನಲ್ಲಿ, ಬೆರಳಲ್ಲಿ ಒತ್ತಿದ್ರೆ ಪುಡಿ ಆಗೋ ಹಾಗೆ ಬೇಯಿಸಿ. ಬೆಂದ ನೀರು ಚೆಲ್ಲಬೇಡಿ. ಅರ್ಧ ಲೋಟ ಬಿಳಿ ಎಳ್ಳು ಸಣ್ಣ ಉರಿಯಲ್ಲಿ ಬಣ್ಣ ತಿರುಗದ ಹಾಗೆ ಹುರಿದು, ಸ್ವಲ್ಪ ಎಣ್ಣೆ ಹಾಕಿ ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿ, ತಹೀನಿ ರೆಡಿ. ಅದಕ್ಕೆ ಕಡಲೆ, ಒಂದು ನಿಂಬೆಹಣ್ಣಿನ ರಸ, ಎರಡು ಎಸಳು ಬೆಳ್ಳುಳ್ಳಿ, ಉಪ್ಪು. ರುಬ್ಬುವಾಗ ಐಸ್ ನೀರು ಎರಡು ಚಮಚ ಹಾಕಿದ್ರೆ ಬೆಳ್ಳಗೆ, ಹಗುರ ಆಗುತ್ತೆ. ಗಟ್ಟಿ ಅನ್ನಿಸಿದ್ರೆ ಎತ್ತಿಟ್ಟ ನೀರು ಸೇರಿಸಿ. ಪೀಟಾ ಸಿಗದಿದ್ರೆ ಚಪಾತಿ ನಡೆಯುತ್ತೆ. ಅಂಬಾ ಬೇಕಂದ್ರೆ ಅಮ್ಮನ ಮಾವಿನಕಾಯಿ ಉಪ್ಪಿನಕಾಯಿ ಇದ್ದೇ ಇದೆ.

ಇವತ್ತಿಗೆ ಇಷ್ಟು. ನೀವು ವಿದೇಶದಲ್ಲೋ, ಬೇರೆ ರಾಜ್ಯದಲ್ಲೋ, ಊಟಕ್ಕೆ ಹೋದಾಗ ಅಡುಗೆ ಮಾಡಿದವರ ಜೊತೆ ಮಾತಾಡಿದ್ದೀರಾ? ಏನು ಹೇಳಿದರು? ಒಂದು ನಿಮಿಷದ ವಾಯ್ಸ್ ನೋಟ್ ಮಾಡಿ ಕಳಿಸಿ, ಆಯ್ದ ಕೆಲವನ್ನ ಮುಂದಿನ ಕಂತಿನಲ್ಲಿ ಕೇಳಿಸ್ತೀವಿ. ಇಸ್ರೇಲಿನಲ್ಲಿ, ಗಲ್ಫ್‌ನಲ್ಲಿ, ಎಲ್ಲೇ ದುಡೀತಿರೋ ಕನ್ನಡದವರು ಕೇಳ್ತಿದ್ರೆ, ನೀವೂ ಕಳಿಸಿ, ಇವತ್ತು ರಾತ್ರಿ ಏನು ಅಡುಗೆ ಮಾಡ್ಕೊಂಡ್ರಿ ಅಂತ ಹೇಳಿದ್ರೂ ಸಾಕು. ಹುಷಾರಾಗಿರಿ.